ಫೋರ್ಕ್‌ನ ಮೇನ್ ಬ್ರಾಂಚ್‌ನಲ್ಲಿ ಕೆಲಸ ಮಾಡಬೇಡಿ
ಓಪನ್ ಸೋರ್ಸ್‌ಗೆ ಹೊಸದಾಗಿ ಕೋಡ್ ಕಳಿಸುವವರೇ, ಇದೊಂದು ರೂಢಿ ಮಾಡಿಕೊಳ್ಳಿ. ಫೋರ್ಕ್‌ನಲ್ಲಿ, ಅಂದರೆ ಮೂಲ ಪ್ರಾಜೆಕ್ಟ್‌ನ ನಿಮ್ಮದೇ ನಕಲಿನಲ್ಲಿ, ಒಂದು ಕೆಲಸಕ್ಕೆ ಒಂದು ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು). ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬ್ರಾಂಚ್‌ಗೆ ಅಂಟಿಕೊಂಡಿರುತ್ತದೆ. ಅದು ಮೂಲ ಕೋಡ್‌ಗೆ ಮರ್ಜ್ ಆಗುವ (ಸೇರುವ) ಮುಂಚೆ ಅದೇ ಬ್ರಾಂಚ್‌ಗೆ ಬೇರೆ ಏನು ಪುಶ್ ಮಾಡಿದರೂ (ಕಳಿಸಿದರೂ) ಆ ರಿಕ್ವೆಸ್ಟ್‌ನೊಳಗೇ ಸೇರಿಕೊಳ್ಳುತ್ತದೆ. ಬರೀ ಸ್ಪೆಲಿಂಗ್ ತಿದ್ದುಪಡಿ ನೋಡಲು ಬಂದವರಿಗೆ ಲಾಗಿನ್ ಕೋಡ್ ಎದುರಾದರೆ ಕಷ್ಟ ಅಲ್ವಾ?

ಮೂಲ ರೆಪೊವನ್ನು (ಪ್ರಾಜೆಕ್ಟ್‌ನ ಕೋಡ್ ಸಂಗ್ರಹ) ನಿಮ್ಮ ಗಿಟ್‌ನಲ್ಲಿ ‘ಅಪ್‌ಸ್ಟ್ರೀಮ್’ ಎಂಬ ರಿಮೋಟ್ (ದೂರದ ರೆಪೊದ ವಿಳಾಸ) ಆಗಿ ಸೇರಿಸಿ. ಕೆಲಸ ಶುರು ಮಾಡುವಾಗ ಅದನ್ನು ಫೆಚ್ ಮಾಡಿ (ಅಲ್ಲಿನ ಹೊಸ ಕೋಡ್ ತರಿಸಿಕೊಂಡು), ಅದರ ಮೇನ್‌ನಿಂದಲೇ ಹೊಸ ಬ್ರಾಂಚ್ ತೆಗೆಯಿರಿ.

ರಿವ್ಯೂ ನಡೆಯುವಾಗ ಮೇನ್ ಮುಂದೆ ಹೋಗಿದ್ದರೆ ರೀಬೇಸ್ ಮಾಡಬಹುದು, ಅಂದರೆ ನಿಮ್ಮ ಕಮಿಟ್‌ಗಳನ್ನು (ಉಳಿಸಿದ ಬದಲಾವಣೆಗಳನ್ನು) ಹೊಸ ಮೇನ್ ಮೇಲೆ ಮತ್ತೆ ಕೂರಿಸಬಹುದು. ಆಮೇಲೆ ಪುಶ್ ಮಾಡುವಾಗ ಸುಮ್ನೆ ‘ಫೋರ್ಸ್’ (ಅಲ್ಲಿರುವುದನ್ನು ನೋಡದೆ ಅಳಿಸಿ ಬರೆಯುವ ಆಯ್ಕೆ) ಕೊಡಬೇಡಿ, ‘ಫೋರ್ಸ್-ವಿತ್-ಲೀಸ್’ ಕೊಡಿ. ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ನಿಮ್ಮ ಬ್ರಾಂಚ್‌ಗೆ ಹಾಕಿದ, ನೀವಿನ್ನೂ ಫೆಚ್ ಮಾಡದ ಕಮಿಟ್ ಇದ್ದರೆ ಪುಶ್ ಅಲ್ಲೇ ನಿಲ್ಲುತ್ತದೆ, ಅವರ ಕೆಲಸ ಉಳಿಯುತ್ತದೆ.