ಆರಾಮ ಇದ್ದವನ ರಕ್ತದಾಗ ಹುಳ

"ರಾತ್ರಿ ಹನ್ನೊಂದಕ್ಕ ರಕ್ತಾ ಹೀರಾಕ ಬಂದೀರಿ, ನಿಮಗೂ ಗುಂಗಾಡಿಗೂ ಏನ್ ಫರಕ್ ಐತ್ರಿ?"

ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಆನೆಕಾಲು ರೋಗದ ಸರ್ವೇಕ್ಕೆ ಹೋದಾಗ ಅಜ್ಜಿಯೊಬ್ಬರು ಕೇಳಿದ ಮಾತಿದು. ನಿಜ ಹೇಳಬೇಕೆಂದರೆ ಫರಕ್ ಇಲ್ಲ. ಈ ರೋಗದ ಮರಿಹುಳ, ಅಂದರೆ ಮೈಕ್ರೋಫೈಲೇರಿಯಾ, ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ ಚರ್ಮದ ಹತ್ತಿರ ಬರುತ್ತದೆ. ಲ್ಯಾಬ್ ಟೆಕ್ನಿಷಿಯನ್ ಆದ ನಾನೂ ಅದೇ ಹೊತ್ತಿಗೆ ಸೂಜಿ ಹಿಡಿದು ನಿಲ್ಲಬೇಕು.

ಶುರುವಿನಲ್ಲಿ ಒಂದು ರಾತ್ರಿಯ ಸ್ಲೈಡೆಲ್ಲ ಕೆಡಿಸಿದ್ದೇನೆ. ಸ್ಲೈಡಿನ ಮೇಲಿನ ರಕ್ತದ ದಪ್ಪ ಲೇಪವನ್ನು ಮೊದಲು ನೀರಿನಲ್ಲಿಟ್ಟು ಕೆಂಪು ಕಣ ಒಡೆಯಬೇಕು, ಆಮೇಲೆ ಮೆಥನಾಲ್ ಹಾಕಿ ಲೇಪವನ್ನು ಗಟ್ಟಿ ಮಾಡಬೇಕು. ನಾನು ಉಲ್ಟಾ ಮಾಡಿದೆ. ಜಿಮ್ಸಾ ಬಣ್ಣ ಹಾಕಿದರೆ ಬರೀ ರಾಡಿ.

ಆ ಅಜ್ಜಿಯ ಎಡಗಾಲು ಮೊಣಕಾಲಿನ ತನಕ ಊದಿತ್ತು. ಸ್ಲೈಡ್ ಮಾತ್ರ ಸ್ವಚ್ಛ. ಹುಳ ಸಿಕ್ಕಿದ್ದು ಮೊಮ್ಮಗನಲ್ಲಿ, ದಿನವಿಡೀ ಕಬ್ಬು ಕಡಿದು ಬಂದು ನಾಲ್ಕು ರೊಟ್ಟಿ ತಿನ್ನುವ ಹುಡುಗನಲ್ಲಿ! ಅವನ ಹಸಿ ರಕ್ತದ ಒಂದು ಹನಿಯನ್ನು ಕವರ್‌ಸ್ಲಿಪ್ ಕೆಳಗಿಟ್ಟು ನೋಡಿದೆ. ಕೆಂಪು ಕಣಗಳ ರಾಶಿ ಒಂದು ಕಡೆ ಸುಮ್ಮನೆ ಅಲುಗುತ್ತಿತ್ತು. ನಡುವೆ ಕಾಲು ಮಿಲಿಮೀಟರ್ ಉದ್ದದ ಗಾಜಿನಂಥ ಎಳೆ ಕಣಗಳನ್ನು ಆಚೀಚೆ ತಳ್ಳಿಕೊಂಡು ಹೊರಳುತ್ತಿತ್ತು. ಬಿಳಿ ಕಣ ಪಕ್ಕದಲ್ಲೇ ಇದ್ದರೂ ಮುಟ್ಟಲಿಲ್ಲ.

ಹುಳವನ್ನು ಬಿಳಿ ಕಣ ಗುರುತಿಸದೇ ಇರುವುದಿಲ್ಲ. ಆದರೆ ಹುಳ ಬಿಡುವ ರಸಾಯನಗಳು ರೋಗನಿರೋಧಕ ವ್ಯವಸ್ಥೆಯ ಕೈ ಕಟ್ಟುತ್ತವೆ. ಮೈಯೊಳಗೇ ಐಎಲ್-10 ಎಂಬ 'ಶಾಂತವಾಗಿರಿ' ಸಂದೇಶ ಹೆಚ್ಚುತ್ತದೆ, ರೋಗದ ವಿರುದ್ಧ ಹೋರಾಡುವ ಟಿ ಕಣಗಳು ಮೆತ್ತಗಾಗುತ್ತವೆ. ತಾಯಿ ಹುಳ ಮೈಯ ನೀರು ಸಾಗಿಸುವ ದುಗ್ಧನಾಳದಲ್ಲಿ (ಲಿಂಫ್ ನಾಳ) ವರ್ಷಗಟ್ಟಲೆ ಬಾಳುತ್ತದೆ. ಅಜ್ಜಿಯಂಥವರ ಮೈ ಸುಮ್ಮನಿರದೆ ಜಗಳಕ್ಕಿಳಿಯುತ್ತದೆ. ಹುಳ ರಕ್ತದಲ್ಲಿ ಕಾಣದಂತಾದರೂ ಆ ನಾಳಗಳು ಹಾಳಾಗಿ ಕಾಲು ಊದುತ್ತದೆ. ಊದಿದ ಕಾಲು ನೋಡಿ ರಕ್ತದಲ್ಲಿ ಹುಳ ಇದೆ ಎಂದು ಹೇಳುವುದನ್ನು ನಾನು ಅಂದೇ ಬಿಟ್ಟೆ.

ಹುಡುಗನಿಗೆ ಆನೆಕಾಲು ರೋಗದ ಔಷಧಿಯಾದ ಡಿಇಸಿ ಗುಳಿಗೆ ಕೊಡಲಾಯಿತು. ಮರುದಿನ ಚಳಿಜ್ವರ. "ನಿಮ್ಮ ಗುಳಿಗಿ ತೊಗೊಳ್ಳೂತನಾ ಆರಾಮ ಇದ್ದೆನ್ರಿ" ಅಂತ ಸಿಟ್ಟಿನಿಂದಲೇ ಬಂದ. ಡಿಇಸಿ ಪ್ರಯೋಗಾಲಯದ ನಳಿಗೆಯಲ್ಲಿ ಮರಿಹುಳಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಮೈಯ ರಕ್ಷಣಾ ಕಣಗಳ ನೆರವು ಸಿಕ್ಕರೇ ಅದರ ಆಟ. ಸತ್ತ ಹುಳಗಳಿಗೆ ಮೈ ಉತ್ತರ ಕೊಟ್ಟಾಗ ಜ್ವರ. ಅವನಿಗೆ ಇಷ್ಟು ಹೇಳಿ ಪ್ಯಾರಾಸಿಟಮಾಲ್ ಕೊಡಿಸಿದೆ.

ಈಗ ಗುಳಿಗೆ ಕೊಡುವ ಮೊದಲೇ ಹೇಳಿಬಿಡುತ್ತೇನೆ: ಹುಳ ಇದ್ದರೆ ನಾಳೆ ಮೈ ಬೆಚ್ಚಗಾಗಬಹುದು, ಹೆದರಬ್ಯಾಡ್ರಿ.