75 ಗ್ಯಾಲನ್ ಟ್ಯಾಂಕಿನಲ್ಲಿ ಹವಳಕ್ಕೆ ಜಾಗ ಹುಡುಕಿದ್ದು: ನನ್ನ ಅನುಭವ

ನಾಲ್ಕಡಿ ಉಪ್ಪುನೀರಿನ ಟ್ಯಾಂಕಿನಲ್ಲಿ ಟಾರ್ಚ್ (ಉದ್ದ ಗ್ರಹಣಾಂಗಗಳ ಹವಳ) ಮತ್ತು ಆಕ್ರೋಪೋರಾ (ಕೊಂಬೆಕೊಂಬೆಯಾಗಿ ಬೆಳೆಯುವ ಹವಳ) ಒಟ್ಟಿಗೆ ಬಾಳುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಈಗ ಹದಿನಾಲ್ಕು ತಿಂಗಳಾಯಿತು, ಎರಡೂ ಚೆನ್ನಾಗಿವೆ. ಹೆಬ್ಬೆರಳಿನಷ್ಟಿದ್ದ ಆಕ್ರೋ ಮುಷ್ಟಿ ಗಾತ್ರ ಆಗಿದೆ. ಬೇಡ ಅಂದವರಲ್ಲೇ ಇಬ್ಬರು ಅದರ ಫ್ರಾಗ್ (ಬೆಳೆಸಲು ಮುರಿದುಕೊಟ್ಟ ತುಂಡು) ತೆಗೆದುಕೊಂಡು ಹೋದರು.

ನಾನಿರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಎರಡು ಎಲ್‌ಇಡಿ, ಎದುರುಬದುರಾಗಿ ಎರಡು ಪವರ್‌ಹೆಡ್ (ನೀರು ಹರಿಸುವ ಪಂಪ್). ಮೊದಲ ವರ್ಷ ಎಲ್ಲರ ಹಾಗೇ ಎಸ್‌ಪಿಎಸ್ (ಆಕ್ರೋ ಥರದ ಸಣ್ಣ ಪಾಲಿಪ್‌ನ ಕಲ್ಲು ಹವಳ) ಮೇಲೆ, ಎಲ್‌ಪಿಎಸ್ (ಟಾರ್ಚ್ ಥರದ ದೊಡ್ಡ ಪಾಲಿಪ್‌ನವು) ನಡುವೆ, ಮಶ್ರೂಮ್ ಅನ್ನುವ ಮೆತ್ತನೆಯ ಹವಳ ಕೆಳಗೆ ಇಟ್ಟೆ. ತಂದ ದಿನವೇ ಆಕ್ರೋವನ್ನು ತುದಿ ಕಲ್ಲಿಗೆ ಅಂಟಿಸಿದೆ. ಹತ್ತೇ ದಿನದಲ್ಲಿ ಬಿಳಿಚಿಕೊಂಡಿತು. ಇನ್ನೊಂದು ತಂದೆ, ಅದೂ ಹೋಯಿತು. ಆಮೇಲೆ ಗೆಲಾಕ್ಸಿಯಾ ಅನ್ನುವ ಹವಳ ತಂದೆ. ಪಕ್ಕದ ಆಕಾನ್ ಹವಳಕ್ಕೂ ಅದಕ್ಕೂ ಒಂದು ಗೇಣು ಅಂತರ ಇತ್ತು, ಸಾಕು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಆಕಾನ್‌ನ ಒಂದು ಮಗ್ಗುಲಲ್ಲಿ ಬರೀ ಬಿಳಿ ಅಸ್ಥಿ ಉಳಿದಿತ್ತು. ಆ ವರ್ಷ ಹವಳಕ್ಕೇ ಸುಮಾರು 600 ಡಾಲರ್ ಹೋಯಿತು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಲ್ಲಿಂದ ಎರಡು ವಾರ ರಾತ್ರಿ ಒಂದೂವರೆಗೆ ಅಲಾರಂ ಇಟ್ಟು, ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ಹಾಕಿಕೊಂಡು ಟ್ಯಾಂಕ್ ಮುಂದೆ ಕೂತೆ. ಆಗ ವಿಷಯ ತಿಳಿಯಿತು. ಸ್ವೀಪರ್‌ಗಳು (ಪಕ್ಕದ ಹವಳವನ್ನು ಕುಟುಕಲು ಚಾಚುವ ಉದ್ದ ಗ್ರಹಣಾಂಗಗಳು) ಸುತ್ತಲೂ ಸಮನಾಗಿ ಚಾಚುವುದಿಲ್ಲ, ನೀರು ಎಳೆದ ಕಡೆಗೇ ಉದ್ದ ಹೋಗುತ್ತವೆ. ಅಂದಮೇಲೆ ಬರೀ ಇಂಚು ಅಳೆದರೆ ಏನು ಬಂತು, ಅಲ್ವಾ? ನೀರು ಹರಿಯುವ ದಿಕ್ಕು ತಿಳಿಯಲು ಮೈಸಿಸ್ (ಪುಟ್ಟ ಸಿಗಡಿಯಂಥ ಮೀನಿನ ಆಹಾರ) ಪುಡಿ ಬಿಟ್ಟು ನೋಡಿದೆ. ಎಡಗಡೆ ಪಂಪ್ ಒಂದೇ ಓಡಿದರೆ ನೀರು ಮೇಲೆ ಬಲಕ್ಕೆ ಹೋಗಿ, ಗಾಜಿಗೆ ಬಡಿದು, ಕೆಳಗೆ ಮರಳಿನ ಮೇಲೆ ಎಡಕ್ಕೆ ವಾಪಸ್ ಬರುತ್ತದೆ. ಹಾಗಾಗಿ ಟಾರ್ಚ್ ಬಲ ತುದಿಯಲ್ಲಿ ನಡು ಎತ್ತರಕ್ಕೆ, ಆಕ್ರೋ ಎಡಗಡೆ ಮೇಲಕ್ಕೆ. ಟಾರ್ಚ್ ಕೆಳಗಿನ ಮರಳು ಖಾಲಿ ಬಿಟ್ಟಿದ್ದೇನೆ, ಅಲ್ಲಿ ಏನೂ ಇಡುವುದಿಲ್ಲ. ರಾತ್ರಿ ಒಂದೇ ಕಡೆಯಿಂದ ಹರಿವು. ಎಷ್ಟು ಹೊತ್ತಿಗೆ ಬದಲಾಗುತ್ತದೆ, ಪಂಪ್ ಎಷ್ಟು ಶೇಕಡಾಕ್ಕೆ ಇಳಿಯುತ್ತದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನು ಬೆಳಕು. ಇಲ್ಲಿನ ಕ್ಲಬ್ಬಿನಿಂದ ಪಾರ್ ಮೀಟರ್ (ಹವಳಕ್ಕೆ ಉಪಯೋಗವಾಗುವ ಬೆಳಕನ್ನು ಅಳೆಯುವ ಸಾಧನ) ಎರವಲು ತಂದು ಅಳೆದೆ. ಮೊದಲ ಆಕ್ರೋ ಸತ್ತ ಜಾಗದಲ್ಲಿ 400ರ ಮೇಲಿತ್ತು! ಈಗ ಹೊಸದು ಏನೇ ಬಂದರೂ ಮೊದಲು ಕೆಳಗೆ, 90ರ ಆಸುಪಾಸಿನಲ್ಲಿ, ಮ್ಯಾಗ್ನೆಟ್ ರ‍್ಯಾಕ್ ಮೇಲೆ. ವಾರಕ್ಕೆ ಎರಡು ಬೆರಳು ಮೇಲೇರಿಸುತ್ತೇನೆ. ಆಕ್ರೋ 280ಕ್ಕೆ ಬರಲು ಎರಡು ತಿಂಗಳೇ ಹಿಡಿಯಿತು, ಅಲ್ಲಿವರೆಗೆ ಅಂಟು ಮುಟ್ಟಲಿಲ್ಲ. ಪದೇ ಪದೇ ಜಾಗ ಬದಲಿಸಿದರೆ ಹವಳ ಸೊರಗುತ್ತದೆ ಅಂತ ಹೆದರಿಸಿದರು. ನಾನು ಸರಿಸುವುದು ರ‍್ಯಾಕನ್ನು, ಹವಳಕ್ಕೆ ಕೈ ತಾಗುವುದೇ ಇಲ್ಲ.

ನಡುವೆ ಇನ್ನೊಂದು ಮಾಡಿ ನೋಡಿದೆ. ಒಂದೇ ಮಾಂಟಿಪೋರಾ ಹವಳದ ಎರಡು ತುಂಡು, ಒಂದು 120 ಪಾರ್‌ನಲ್ಲಿ, ಒಂದು 250ರಲ್ಲಿ. ಕೆಳಗಿನದು ಮೂರು ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತು, ಮೇಲಿನದು ಎಳೆ ಹಸಿರು. ಕಂದು ಬಣ್ಣದ್ದು ಸತ್ತಿಲ್ಲ, ಬೆಳೆಯುವುದು ಮಾತ್ರ ನಿಧಾನ. ರ‍್ಯಾಕ್ ಮೇಲೆ ಸಡಿಲವಾಗಿಟ್ಟ ಫ್ರಾಗ್‌ಗಳನ್ನು ಟರ್ಬೊ ಬಸವನಹುಳು ಉರುಳಿಸುತ್ತಲೇ ಇರುತ್ತದೆ, ಫ್ರಾಗ್ ಅಂಟಿಸಿದ ಪ್ಲಗ್ ತೂತಿಗೆ ಬಿಗಿಯಾಗಿ ಕೂರಬೇಕು.

ಊರಲ್ಲಿರುವ ತಮ್ಮ ನಾನೂ ಇಡುತ್ತೇನೆ ಅಂದ. ಭಾರತದಲ್ಲಿ ಕಲ್ಲು ಹವಳ ಅಷ್ಟೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಮುಟ್ಟಬೇಡ ಮಾರಾಯ ಅಂದೆ.

ಗೆಲಾಕ್ಸಿಯಾವನ್ನು 20 ಡಾಲರಿಗೆ ಕೊಟ್ಟುಬಿಟ್ಟೆ, ನನ್ನ ಟ್ಯಾಂಕಿಗೆ ಅದು ಆಗಿಬರುವುದಿಲ್ಲ. ಎರಡು ತಲೆ ಇದ್ದ ಟಾರ್ಚ್‌ಗೆ ಈಗ ಏಳು ತಲೆ. ಪಕ್ಕದಲ್ಲೇ ಬೇರೆ ಬಣ್ಣದ ಟಾರ್ಚ್ ಇಟ್ಟಿದ್ದೇನೆ, ಒಂದಕ್ಕೊಂದು ತಾಗಿದರೂ ಏನೂ ಆಗಿಲ್ಲ. ಹ್ಯಾಮರ್ ಹವಳವನ್ನು ಮಾತ್ರ ಟಾರ್ಚ್ ಹತ್ತಿರ ಬಿಡಬೇಡಿ.