ಲಂಡನ್‌ನಲ್ಲಿ ಮನೆ ಹಿಡಿಯೋ ಮುಂಚೆ ಕಾರ್ ಎಲ್ಲಿ ನಿಲ್ಲಿಸ್ತೀರಿ ಅಂತ ಕೇಳ್ಕೊಳ್ಳಿ

ಬೆಂಗಳೂರಿಂದ ಲಂಡನ್‌ಗೆ ಕೆಲಸಕ್ಕೆ ಹೊರಟೋರು ನನ್ನತ್ರ ಕೇಳೋದು ಬ್ಯಾಂಕ್ ಅಕೌಂಟು, ಲೈಸೆನ್ಸು, ಟ್ಯೂಬ್ (ಅಲ್ಲಿನ ಮೆಟ್ರೋ) ಚಾರ್ಜು. ಅದೆಲ್ಲ ಅಲ್ಲಿಗೆ ಹೋದ್ಮೇಲೆ ತಾನೇ ಗೊತ್ತಾಗತ್ತೆ, ಬಿಡಿ. ಮನೆ ಮುಂದೆ ಗಾಡಿ ನಿಲ್ಲಿಸೋ ವಿಷಯ ಮಾತ್ರ ಯಾರೂ ಕೇಳಲ್ಲ, ಯಾಕಂದ್ರೆ ಜಯನಗರದಲ್ಲೋ ವಿಜಯನಗರದಲ್ಲೋ ಬೆಳೆದೋರಿಗೆ ಮನೆ ಮುಂದಿನ ರಸ್ತೆ ನಮ್ದೇ ಅನ್ನೋ ಲೆಕ್ಕ.

ಅಲ್ಲಿ ಎಷ್ಟೋ ಏರಿಯಾಗಳು ಕಂಟ್ರೋಲ್ಡ್ ಪಾರ್ಕಿಂಗ್ ಝೋನ್, ಅಂದ್ರೆ ಗೊತ್ತುಮಾಡಿದ ಹೊತ್ತಲ್ಲಿ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕೊಟ್ಟ ಪರ್ಮಿಟ್ ಇರೋರು ಇಲ್ಲಾ ದುಡ್ಡು ಕಟ್ಟಿದೋರು ಮಾತ್ರ ಗುರುತು ಹಾಕಿದ ಜಾಗದಲ್ಲಿ ಗಾಡಿ ನಿಲ್ಲಿಸ್ಬಹುದು. ರಸ್ತೆ ಅಂಚಿನ ಒಂಟಿ ಹಳದಿ ಗೆರೆ ಅಂದ್ರೆ ಆ ಹೊತ್ತಲ್ಲಿ ಅಲ್ಲಿ ನಿಲ್ಲಿಸ್ಬಾರದು ಅಂತ, ಪಕ್ಕ ಬೋರ್ಡ್ ಇಲ್ಲ ಅಂತ ನಿಲ್ಲಿಸಿ ಹೋಗ್ಬೇಡಿ. ಟೈಮಿಂಗ್ ಬರ್ದಿರೋ ಬೋರ್ಡು ಝೋನ್ ಶುರುವಾಗೋ ಕಡೆ ಇರತ್ತೆ, ಒಳಗಿನ ಬೀದೀಲಿ ಒಂಟಿ ಗೆರೆಗೆ ಬೇರೆ ಬೋರ್ಡ್ ಹಾಕ್ಬೇಕು ಅಂತಿಲ್ಲ. ಎಮಿರೇಟ್ಸ್ ಸ್ಟೇಡಿಯಂ, ವೆಂಬ್ಲಿ ಸುತ್ತಮುತ್ತ ಮ್ಯಾಚ್ ದಿನ ರೂಲ್ಸೇ ಬೇರೆ. ಕಡಲೆಕಾಯಿ ಪರಿಷೆ ದಿನ ಬುಲ್ ಟೆಂಪಲ್ ರೋಡ್ ಅಕ್ಕಪಕ್ಕದ ಬೀದಿಗಳ ಪಾಡು ನೋಡಿದೋರಿಗೆ ಯಾಕೆ ಅಂತ ಹೇಳ್ಬೇಕಿಲ್ಲ. ಆಮೇಲೆ ಇಲ್ಲಿ ಮಾಡೋ ಹಾಗೆ ಎರಡು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸ್ಬೇಡಿ, ಹಾಗೆ ನಿಲ್ಲಿಸ್ಬಹುದು ಅಂತ ಬೋರ್ಡ್ ಇರೋ ಕಡೆ ಬಿಟ್ರೆ ಲಂಡನ್‌ನಲ್ಲಿ 1974ರ ಕಾನೂನಿಂದ ಅದಕ್ಕೆ ಫೈನ್ ಇದೆ. ಫೈನ್ ಚೀಟಿ ಬಂದ್ರೆ 14 ದಿನದೊಳಗೆ ಕಟ್ಟಿದ್ರೆ ಅರ್ಧ, ನಿಮ್ಮದು ತಪ್ಪಿಲ್ಲ ಅನ್ಸಿದ್ರೆ ಅಷ್ಟರೊಳಗೇ ಫೋಟೋ ಇಟ್ಟು ಕೌನ್ಸಿಲ್‌ಗೆ ಬರೀರಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಇದನ್ನ ದಯವಿಟ್ಟು ಎರಡು ಸಲ ಓದಿ. ಟ್ಯೂಬ್ ಸ್ಟೇಷನ್ ಹತ್ರ ಹೊಸದಾಗಿ ಕಟ್ಟಿರೋ ಎಷ್ಟೋ ಫ್ಲ್ಯಾಟ್‌ಗಳು ಪರ್ಮಿಟ್ ಫ್ರೀ. ಹೆಸರು ಕೇಳಿ ಪರ್ಮಿಟ್ ಬಿಟ್ಟಿ ಸಿಗತ್ತೆ ಅಂದ್ಕೋಬೇಡಿ, ಅಲ್ಲಿರೋರಿಗೆ ರಸ್ತೆ ಪಾರ್ಕಿಂಗ್ ಪರ್ಮಿಟ್ಟೇ ಕೊಡಲ್ಲ. ಬಿಲ್ಡಿಂಗ್‌ಗೆ ಪ್ಲ್ಯಾನಿಂಗ್ ಅನುಮತಿ ಕೊಡೋವಾಗ್ಲೇ ಕೌನ್ಸಿಲ್ ಈ ಷರತ್ತು ಹಾಕಿರತ್ತೆ, ಅದು ವಿಳಾಸಕ್ಕೆ ಅಂಟ್ಕೊಂಡಿರತ್ತೆ, ಮುಂದೆ ಯಾರೇ ಬಾಡಿಗೆಗೆ ಬಂದ್ರೂ ಅವರಿಗೂ ಅದೇ. ಎದುರುಗಡೆ ಹಳೇ ಮನೆಯವರಿಗೆ ಪರ್ಮಿಟ್ ಸಿಕ್ಕಿರತ್ತೆ, ನಿಮಗೆ ಸಿಗಲ್ಲ. ರಾಜಾಜಿನಗರದ ಒಂದು ದಂಪತಿ, ಕೈಯಲ್ಲಿ ಪುಟ್ಟ ಮಗು, ಹೀಗೇ ಒಂದು ಚೆಂದದ ಫ್ಲ್ಯಾಟ್ ಹಿಡಿದ್ರು, ಮನೆ ತೋರಿಸಿದ ಏಜೆಂಟ್ ಬಾಯೇ ಬಿಡ್ಲಿಲ್ಲ, ಮಗುಗೆ ಬೇಕಾಗತ್ತೆ ಅಂತ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡು ಇನ್ಶೂರೆನ್ಸ್ ಕಟ್ಟಿ ಆಮೇಲೆ ಪರ್ಮಿಟ್‌ಗೆ ಅರ್ಜಿ ಹಾಕಿದ್ರೆ ನಿಮ್ಮ ವಿಳಾಸಕ್ಕೆ ಇಲ್ಲ ಅಂತ ಉತ್ತರ. ದೂರದಲ್ಲೊಂದು ಗ್ಯಾರೇಜ್ ಬಾಡಿಗೆಗೆ ಹಿಡಿದು, ಮಳೇಲಿ ಮಗೂನ ಎತ್ಕೊಂಡು ಅಲ್ಲೀತನಕ ನಡೆದು ನಡೆದು ಸಾಕಾಗಿ ಕೊನೆಗೆ ಕಾರನ್ನ ಕಮ್ಮಿ ರೇಟ್‌ಗೆ ಮಾರಿದ್ರು. ಇದಾದ್ಮೇಲೂ ಇನ್ನೂ ಇಬ್ಬರು ಮೂವರು ಇದೇ ಹಳ್ಳಕ್ಕೆ ಬಿದ್ದಿದ್ದು ನೋಡಿ ಹೊಟ್ಟೆ ಉರೀತು, ಅದಕ್ಕೇ ಇಷ್ಟು ಬರೀತಿದೀನಿ. ಹೋಲ್ಡಿಂಗ್ ಡಿಪಾಸಿಟ್ (ಮನೆ ನಮಗೇ ಇರ್ಲಿ ಅಂತ ಕೊಡೋ ಮುಂಗಡ) ಕಟ್ಟೋ ಮುಂಚೆ, ಅದೇನೂ ಒಂದು ವಾರದ ಬಾಡಿಗೆಗಿಂತ ಜಾಸ್ತಿ ಕೇಳಂಗಿಲ್ಲ, ಆದ್ರೂ ನಿಮ್ಮ ದುಡ್ಡೇ ತಾನೇ, ಕೌನ್ಸಿಲ್ ಪಾರ್ಕಿಂಗ್ ವಿಭಾಗಕ್ಕೆ ಫ್ಲ್ಯಾಟ್ ನಂಬರ್ ಸಮೇತ ಇಮೇಲ್ ಹಾಕಿ, ಈ ವಿಳಾಸಕ್ಕೆ ಪರ್ಮಿಟ್ ಕೊಡ್ತೀರಾ ಅಂತ ಬರವಣಿಗೇಲಿ ಉತ್ತರ ತರಿಸ್ಕೊಳ್ಳಿ. ಏಜೆಂಟ್ ಬಾಯಿಮಾತು ನಂಬ್ಬೇಡಿ.

ಇಷ್ಟು ಬಿಗಿ ಇದ್ರೂ ನನಗೆ ಆ ವ್ಯವಸ್ಥೆನೇ ಮೇಲು ಅನ್ಸತ್ತೆ. ಇಲ್ಲಿ ಬಸವನಗುಡೀಲೂ ಮಲ್ಲೇಶ್ವರದಲ್ಲೂ ಹೂಕುಂಡ, ಕಲ್ಲು ಇಟ್ಟು ರಸ್ತೆ ಹಿಡ್ಕೋತಾರೆ, ಟಯರ್ ಗಾಳಿ ತೆಗೀತೀವಿ ಅಂತ ಗೇಟ್‌ಗೆ ಬೋರ್ಡ್ ನೇತಾಕ್ತಾರೆ, ಜಗಳ ಬಲಶಾಲಿ ಕಡೆ ತೀರ್ಮಾನ ಆಗತ್ತೆ. ನಮ್ಮ ಬೆಂಗಳೂರಿನ ಪಾರ್ಕಿಂಗ್ ಪಾಲಿಸಿ 2.0 ಕೂಡ ವರ್ಷಕ್ಕೆ ಸಣ್ಣ ಕಾರಿಗೆ 1000, ದೊಡ್ಡದಕ್ಕೆ 5000 ರೂಪಾಯಿ ಪರ್ಮಿಟ್ ಅಂತ ಹೇಳಿತ್ತು, ದುಡ್ಡು ಕೀಳೋ ಪ್ಲ್ಯಾನ್ ಅಂತ ಜನ ಬೈದ್ರು. ನಾನು ಅದರ ಪರ. ರಸ್ತೆ ಎಲ್ಲರದ್ದು, ಕಾರ್ ಇಲ್ದೋರದ್ದೂ.

ಲಂಡನ್‌ನಲ್ಲಿ ಹೊಸ ಝೋನ್ ಮಾಡೋ ಮುಂಚೆ ಕೌನ್ಸಿಲ್ ಮನೆಮನೆಗೆ ಕಾಗದ ಹಾಕತ್ತೆ, ನಮ್ಮೋರು ಅದನ್ನ ಜಾಹೀರಾತು ಅಂತ ಕಸಕ್ಕೆ ಹಾಕ್ತಾರೆ. ಹಾಕ್ಬೇಡಿ! ಬಾಡಿಗೆಯವರೂ ಅಭಿಪ್ರಾಯ ಬರೀಬಹುದು, ಅಧಿಕೃತ ನೋಟಿಸ್ ಆದ್ಮೇಲೆ ಆಕ್ಷೇಪಣೆಗೆ 21 ದಿನ ಇರತ್ತೆ. ಬೇಕು ಬೇಡ ಅಂತಷ್ಟೇ ಬರೀಬೇಡಿ, ಎಷ್ಟು ಗಂಟೆ ಅನ್ನೋದ್ರ ಮೇಲೆ ಬರೀರಿ. ಸ್ಟೇಷನ್‌ಗೆ ಹೋಗೋರು ಬೆಳಗ್ಗಿಂದ ಸಂಜೆ ತನಕ ಕಾರ್ ಬಿಟ್ಟು ಹೋಗೋದೇ ತೊಂದರೆ ಆದ್ರೆ ಮಧ್ಯಾಹ್ನ ಒಂದೋ ಎರಡೋ ಗಂಟೆ ನಿರ್ಬಂಧ ಸಾಕು, ದಿನವಿಡೀ ಬಿಟ್ಟು ಹೋಗೋಕೆ ಆಗಲ್ಲ, ಅಂಥ ಝೋನ್‌ಗಳು ಲಂಡನ್‌ನಲ್ಲಿ ಈಗ್ಲೇ ಇವೆ. ದಿನಪೂರ್ತಿ ಝೋನ್ ಆದ್ರೆ ಗೌರಿ ಗಣೇಶಕ್ಕೆ ಮನೆಗೆ ಬರೋ ಪ್ರತಿ ಕಾರಿಗೂ ವಿಸಿಟರ್ ವೋಚರ್ (ನೆಂಟರ ಗಾಡಿಗೆ ಕೌನ್ಸಿಲ್ ಕೊಡೋ ಪಾರ್ಕಿಂಗ್ ಚೀಟಿ) ಬೇಕಾಗತ್ತೆ, ಅದನ್ನ ಕೊಳ್ಳೋದು ನೀವೇ.